‘ನಿಯಂತ್ರಿತ’ ಆಕಾಶದಲ್ಲಿ ನಿಯಂತ್ರಣ ಯಾರ ಮೇಲೆ?

ವಾಯುಯಾನದ ಪರಿಭಾಷೆಯಲ್ಲಿ ‘ನಿಯಂತ್ರಿತ ವಾಯುಪ್ರದೇಶ’ ಎಂಬುದು ದಾರಿ ತಪ್ಪಿಸುವ ಪದ. ಅಲ್ಲಿ ಹಾರುವ ಪ್ರತಿಯೊಂದು ವಿಮಾನವೂ ಕಂಟ್ರೋಲರ್‌ನ ಹತೋಟಿಯಲ್ಲಿರುತ್ತದೆ ಎಂದು ಯಾರಾದರೂ ಭಾವಿಸುತ್ತಾರೆ. ಅಮೆರಿಕದ ನಿಯಮಗಳನ್ನು ನೋಡಿದರೆ ಹಾಗಿಲ್ಲವೆಂದು ತಿಳಿಯುತ್ತದೆ.

ಹಾರಾಟದಲ್ಲಿ ಎರಡು ವಿಧ. ಉಪಕರಣಗಳನ್ನು ಆಧರಿಸಿ, ಕಂಟ್ರೋಲರ್ ಸೂಚಿಸಿದಂತೆ ಹಾರುವುದು ಒಂದು. ಮೋಡಗಳಿಂದ ದೂರವಿದ್ದು, ಹೊರಗೆ ಕಣ್ಣಿಟ್ಟು ಹಾರುವ ‘ದೃಶ್ಯ ಹಾರಾಟ’ ಇನ್ನೊಂದು. 1993ರಿಂದ ಅಲ್ಲಿನ ಆಕಾಶವನ್ನು ಎ, ಬಿ, ಸಿ, ಡಿ, ಇ, ಜಿ ಎಂದು ವಿಂಗಡಿಸಲಾಗಿದೆ. ಮೊದಲ ಐದೂ ನಿಯಂತ್ರಿತವೇ. 18,000 ಅಡಿಯಿಂದ ಮೇಲಿನ ಎ ವರ್ಗದಲ್ಲಿ ದೃಶ್ಯ ಹಾರಾಟಕ್ಕೆ ಅವಕಾಶವಿಲ್ಲ. ಅತಿ ದಟ್ಟಣೆಯ ವಿಮಾನ ನಿಲ್ದಾಣಗಳ ಸುತ್ತಲಿನ ಬಿ ವರ್ಗವನ್ನು ಪ್ರವೇಶಿಸಲು ಸ್ಪಷ್ಟ ಅನುಮತಿ ಬೇಕು. ಸಿ ಮತ್ತು ಡಿ ವರ್ಗಗಳಿಗೆ ಎರಡೂ ಕಡೆಯ ರೇಡಿಯೋ ಸಂಪರ್ಕ ಏರ್ಪಟ್ಟರೆ ಸಾಕು. ಪೈಲಟ್ ಕರೆದಾಗ ಕಂಟ್ರೋಲರ್ ಆ ವಿಮಾನದ ಕರೆಸಂಕೇತವನ್ನು ಹೇಳಿ ‘ಸ್ಟ್ಯಾಂಡ್‌ಬೈ’ ಎಂದರೂ ಸಂಪರ್ಕ ಆದಂತೆಯೇ, ಒಳಗೆ ಹೋಗಬಹುದು. ‘ಕರೆಯುತ್ತಿರುವ ವಿಮಾನ, ಸ್ಟ್ಯಾಂಡ್‌ಬೈ’ ಎಂದರೆ ಮಾತ್ರ ಹೊರಗೇ ಕಾಯಬೇಕು. ಕರೆಸಂಕೇತ ಒಂದೇ ಇಲ್ಲಿ ಬಾಗಿಲ ಕೀಲಿ!

ಇ ವರ್ಗಕ್ಕೆ ಬಂದರೆ ‘ನಿಯಂತ್ರಿತ’ ಪದದ ಅರ್ಥವೇ ಸಡಿಲಗೊಳ್ಳುತ್ತದೆ. ಅಲ್ಲಿ ದೃಶ್ಯ ಹಾರಾಟದ ಪೈಲಟ್ ಯಾರೊಂದಿಗೂ ಮಾತನಾಡಬೇಕಿಲ್ಲ. ನಿಯಂತ್ರಣವೇನಿದ್ದರೂ ಉಪಕರಣ ಹಾರಾಟದವರಿಗೆ. ಉಳಿದವರ ರಕ್ಷಣೆ ಅವರವರ ಕಣ್ಣಿನದು. ಈ ವರ್ಗಗಳನ್ನು ಕೋಷ್ಟಕವಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಈ ಅಂಶ ಹೊಳೆಯುವುದಿಲ್ಲ.

ಆ ಕಣ್ಣನ್ನು ಎಷ್ಟು ನಂಬಬಹುದು? 1986ರ ಆಗಸ್ಟ್ 31ರಂದು ಕ್ಯಾಲಿಫೋರ್ನಿಯಾದ ಸೆರಿಟೋಸ್ ಪಟ್ಟಣದ ಮೇಲೆ ಏರೋಮೆಕ್ಸಿಕೋದ ಡಿಸಿ-9 ವಿಮಾನಕ್ಕೂ ಪುಟ್ಟ ಪೈಪರ್ ವಿಮಾನಕ್ಕೂ ಡಿಕ್ಕಿಯಾಯಿತು. ಪೈಪರ್ ಲಾಸ್ ಏಂಜಲೀಸ್ ನಿಲ್ದಾಣದ ನಿರ್ಬಂಧಿತ ವಲಯವನ್ನು (ಇಂದಿನ ಬಿ ವರ್ಗ) ಅನುಮತಿಯಿಲ್ಲದೆ, ಅರಿಯದೇ ಪ್ರವೇಶಿಸಿತ್ತು. ಅದರ ಟ್ರಾನ್ಸ್‌ಪಾಂಡರ್ ಎತ್ತರವನ್ನು ತಿಳಿಸುವಂತಹದಾಗಿರಲಿಲ್ಲ. ಕಂಟ್ರೋಲರ್ ಆಗಷ್ಟೇ ವಲಯದೊಳಗೆ ನುಗ್ಗಿದ್ದ ಮತ್ತೊಂದು ಚಿಕ್ಕ ವಿಮಾನದ ಪೈಲಟ್‌ನೊಂದಿಗೆ ಮಾತಿನಲ್ಲಿದ್ದ. ವಿಮಾನಗಳಲ್ಲಿದ್ದ 67 ಮಂದಿ, ನೆಲದ ಮೇಲೆ 15 ಮಂದಿ ಸತ್ತರು.

ಇಬ್ಬರಲ್ಲಿ ಒಬ್ಬರಿಗಾದರೂ ಇನ್ನೊಂದು ವಿಮಾನ ಕಾಣಬಾರದಿತ್ತೇ ಎಂದು ಕೇಳುವುದು ಸಹಜ. ನೇರ ದಾರಿಯಲ್ಲಿ, ಬದಲಾಗದ ವೇಗದಲ್ಲಿ ಡಿಕ್ಕಿಯತ್ತ ಸಾಗುವ ಎರಡು ವಿಮಾನಗಳಲ್ಲಿ ಒಂದಕ್ಕೆ ಮತ್ತೊಂದು ಗಾಜಿನ ಮೇಲೆ ಒಂದೇ ಸ್ಥಾನದಲ್ಲಿ ನಿಂತಂತೆ ಕಾಣುತ್ತದೆ. ನಮ್ಮ ಕಣ್ಣೋ, ಚಲನೆಯನ್ನು ಬೇಗ ಗುರುತಿಸುವಂತಹದು. ಲೆಕ್ಕ ಹಾಕಿ ನೋಡಿ: 11 ಮೀಟರ್ ಅಗಲದ ರೆಕ್ಕೆ 2 ಕಿಲೋಮೀಟರ್ ದೂರದಲ್ಲಿ ಸುಮಾರು 0.3 ಡಿಗ್ರಿ ಕೋನವನ್ನಷ್ಟೇ ಆಕ್ರಮಿಸುತ್ತದೆ, ಚಂದ್ರಬಿಂಬದ್ದು 0.5 ಡಿಗ್ರಿ. ಸೆಕೆಂಡಿಗೆ 150 ಮೀಟರಿನಂತೆ ಸಮೀಪಿಸಿದರೆ ಉಳಿಯುವುದು 13 ಸೆಕೆಂಡು. ಗಾತ್ರ ಇಮ್ಮಡಿಯಾಗುವಷ್ಟರಲ್ಲಿ ಅದರಲ್ಲಿ ಅರ್ಧ ಮುಗಿದಿರುತ್ತದೆ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಪೈಪರ್ ಪೈಲಟ್‌ನ ತಪ್ಪಿಗೇ ತನಿಖೆಯನ್ನು ಮುಗಿಸಲಿಲ್ಲ ಎಂಬುದು ಮೆಚ್ಚತಕ್ಕ ವಿಷಯ. ಡಿಕ್ಕಿ ತಡೆಯುವಲ್ಲಿ ವಾಯುಸಂಚಾರ ನಿಯಂತ್ರಣ ವ್ಯವಸ್ಥೆಗಿದ್ದ ಮಿತಿಗಳನ್ನೇ ಅದು ಮುಖ್ಯ ಕಾರಣವೆಂದಿತು. ‘ನೋಡಿ ತಪ್ಪಿಸಿಕೊಳ್ಳುವ’ ತತ್ತ್ವದ ಮಿತಿಗಳನ್ನು ಪೂರಕ ಕಾರಣಗಳಲ್ಲಿ ಸೇರಿಸಿತು. ನಂತರ ದೊಡ್ಡ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಸಾಮಾನ್ಯವಾಗಿ ಕಡ್ಡಾಯವಾಯಿತು. ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ಮುನ್ಸೂಚಕ ಉಪಕರಣ ಬಂದಿತು.

ಹಾಗೆಂದು ಇ ವರ್ಗದಲ್ಲಿಯೂ ರೇಡಿಯೋ ಸಂಪರ್ಕ ಕಡ್ಡಾಯ ಮಾಡಿ ಎನ್ನುವುದು ಸುಲಭ, ಸರಿಯಲ್ಲ. ಸೆರಿಟೋಸ್‌ನ ಕಂಟ್ರೋಲರ್‌ಗೆ ಮಾತು ಕಡಿಮೆಯಿರಲಿಲ್ಲ. ಎತ್ತರದ ಮಾಹಿತಿ ಇರಲಿಲ್ಲ. ವಿಮಾನ ತಾನಾಗಿ ತನ್ನ ಸ್ಥಾನವನ್ನು ಬಿತ್ತರಿಸುವ ವ್ಯವಸ್ಥೆಯನ್ನು 2020ರ ಜನವರಿ 1ರಿಂದ ಎ, ಬಿ, ಸಿ ವರ್ಗಗಳಲ್ಲಿ ಕಡ್ಡಾಯಗೊಳಿಸಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಆದರೆ 10,000 ಅಡಿಗಿಂತ ಕೆಳಗಿನ ಇ ವರ್ಗದ ಬಹುಭಾಗಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ನಕ್ಷೆಯಲ್ಲಿ ಅದರ ಹೆಸರು ಈಗಲೂ ‘ನಿಯಂತ್ರಿತ’ ಎಂದೇ ಇದೆ.