ಕುದುರೆ ಕಾಲಿನ ಗಂಟು: ನರಹುಲಿಯೂ ಅಲ್ಲ, ಹೆಬ್ಬೆರಳೂ ಅಲ್ಲ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಕುರಿಮಂದೆಯ ಜೊತೆ ಸಾಮಾನು ಹೊತ್ತು ಸಾಗುವ ಕತ್ತೆಯನ್ನೋ ತಟ್ಟು ಕುದುರೆಯನ್ನೋ ನೀವು ಕಂಡಿರಬಹುದು. ಮುಂದಿನ ಸಲ ಅದರ ಮುಂಗಾಲಿನ ಒಳಬದಿಯನ್ನು ಗಮನಿಸಿ. ಮಂಡಿಯಿಂದ ಸ್ವಲ್ಪ ಮೇಲೆ ಕೂದಲಿಲ್ಲದ, ಒರಟಾದ ಒಂದು ಗಂಟು ಇರುತ್ತದೆ. ಕುದುರೆಗೆ ಸಾಮಾನ್ಯವಾಗಿ ಹಿಂಗಾಲಿನಲ್ಲೂ ಇದು ಉಂಟು. ಕತ್ತೆಗೆ ಮುಂಗಾಲಿನಲ್ಲಿ ಮಾತ್ರ. ಇದು ರೋಗವಲ್ಲ. ನರಹುಲಿಯೆಂದು ಭಾವಿಸಿ ಕತ್ತರಿಸುವುದಾಗಲಿ, ಬರೆ ಹಾಕುವುದಾಗಲಿ ಪ್ರಾಣಿಗೆ ಹಿಂಸೆಯೇ ಹೊರತು ಚಿಕಿತ್ಸೆಯಲ್ಲ.

ಇಂಗ್ಲಿಷಿನಲ್ಲಿ ಇದರ ಹೆಸರು ಚೆಸ್ಟ್‌ನಟ್. ನಿಘಂಟು ನೋಡಿ ಅನುವಾದಿಸಿದರೆ ಕುದುರೆ ಕಾಲಿನಲ್ಲಿ ಕಾಯಿ ಬಿಟ್ಟೀತು! ಇನ್ನೊಂದು ಹೆಸರನ್ನು ಪದಶಃ ತಂದರೆ ‘ಇರುಳುಗಣ್ಣು’ ಆಗುತ್ತದೆ. ನಮ್ಮಲ್ಲಿ ಅದು ವಿಟಮಿನ್ ಎ ಕೊರತೆಯಿಂದ ಬರುವ ದೃಷ್ಟಿದೋಷ. ಸುಮ್ಮನೆ ‘ಕಾಲಿನ ಗಂಟು’ ಎಂದರೆ ಸಾಕು.

ನನ್ನ ಮುಖ್ಯ ತಕರಾರು ಬೇರೆ. ಕುದುರೆಯ ವಿಕಾಸವನ್ನು ಪಾಠ ಮಾಡುವಾಗ, ಈ ಗಂಟು ಸವೆದುಹೋದ ಹೆಬ್ಬೆರಳು ಎಂದು ಹೇಳಿಬಿಡುವುದುಂಟು. ಹೈರಕೋಥೀರಿಯಮ್‌ಗೆ ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಮೂರು ಬೆರಳುಗಳಿದ್ದುದು ನಿಜ. ಇಂದಿನ ಕುದುರೆ ನಿಲ್ಲುವುದು ನಡುಬೆರಳಿನ ಮೇಲೆ. ಅದರ ಅಕ್ಕಪಕ್ಕದ ಎರಡು ಬೆರಳುಗಳ ಗುರುತು ಸಣ್ಣ ಮೂಳೆಕಡ್ಡಿಗಳಾಗಿ ಉಳಿದಿದೆ. ಆದರೆ ಕುದುರೆಯ ಮುಂಗಾಲಿನ ‘ಮಂಡಿ’ ಎಂದರೆ ನಮ್ಮ ಮಣಿಕಟ್ಟು. ಗಂಟು ಇರುವುದು ಅದಕ್ಕಿಂತ ಮೇಲೆ. ಮುಂಗೈ ಮೇಲೆ ಹೆಬ್ಬೆರಳು ಇರುತ್ತದೆಯೆ? ಅದರೊಳಗೆ ಮೂಳೆಯೂ ಇಲ್ಲ. ಕುದುರೆಯ ಮುಂಗಾಲಿನಲ್ಲಿ ಐದೂ ಬೆರಳುಗಳ ಕುರುಹಿದೆ ಎಂದು 2018ರಲ್ಲಿ ಕೆಲವು ಸಂಶೋಧಕರು ವಾದಿಸಿದರು. ಅವರೂ ಹುಡುಕಿದ್ದು ಮಣಿಕಟ್ಟಿನ ಕೆಳಗಿನ ಮೂಳೆಗಳಲ್ಲಿ. ಹೀಗಿರುವಾಗ ಊಹೆಯನ್ನು ಸಿದ್ಧಾಂತವೆಂದು ಮಕ್ಕಳಿಂದ ಬರೆಸುವುದು ಸರಿಯಲ್ಲ.

ಹಾಗಾದರೆ ಗಂಟು ಉದ್ದವಾದರೆ ಏನು ಮಾಡಬೇಕು? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಗಂಟು, ಗೊರಸು, ನಮ್ಮ ಉಗುರು ಎಲ್ಲವೂ ಕೆರಾಟಿನ್. ಅದರ ಸರಪಣಿಗಳನ್ನು ಹಿಡಿದಿಡುವ ಹೈಡ್ರೊಜನ್ ಬಂಧಗಳ ನಡುವೆ ನೀರಿನ ಅಣುಗಳು ನುಸುಳಿದರೆ ವಸ್ತು ಮೆತ್ತಗಾಗುತ್ತದೆ. ಗಟ್ಟಿಯಾದ ಗಂಧಕದ ಬಂಧಗಳು ಹಾಗೆಯೇ ಉಳಿಯುವುದರಿಂದ ಕರಗಿಹೋಗುವುದಿಲ್ಲ. ‘ಎಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ’ ಎಂಬ ಮಾತು ಅರ್ಧ ಸತ್ಯ. ಮೆತ್ತಗೆ ಮಾಡುವುದು ಮುಖ್ಯವಾಗಿ ನೀರು, ಅದು ಆರದಂತೆ ತಡೆಯುವುದು ಎಣ್ಣೆ. ಆದ್ದರಿಂದ ಮೈತೊಳೆದ ಮೇಲೆ ಎಣ್ಣೆ ಅಥವಾ ವ್ಯಾಸಲೀನ್ ಸವರಿ, ಮರುದಿನ ಬೆರಳಿನಿಂದಲೇ ಮೇಲಿನ ಪದರ ಬಿಡಿಸಬೇಕು. ಬಾರದ್ದನ್ನು ಎಳೆಯಬಾರದು, ಬುಡದಲ್ಲಿರುವುದು ಜೀವಂತ ಚರ್ಮ, ರಕ್ತ ಬರುತ್ತದೆ. ಗೊರಸಿನ ಮೇಲಿನ ಕೀಲಿನ ಹಿಂಬದಿ, ಕೂದಲ ಮರೆಯಲ್ಲಿ ಇನ್ನೊಂದು ಚಿಕ್ಕ ಕೊಂಬಿನಂಥ ಗಂಟಿರುತ್ತದೆ. ತೀರ ಉದ್ದವಾದರೆ ಅದರ ತುದಿಯನ್ನಷ್ಟೇ ಲಾಳ ಕಟ್ಟುವವರಿಂದ ತೆಗೆಸಬಹುದು. ಬೇರೆಡೆ ಹೊಸ ಗಂಟು ಎದ್ದರೆ, ಬೇಗ ಬೆಳೆದರೆ, ಕೀವು ಅಥವಾ ರಕ್ತ ಸುರಿದರೆ ಪಶುವೈದ್ಯರಿಗೆ ತೋರಿಸಿ.

ತರಗತಿಯಲ್ಲಿ ಕುದುರೆ ಬೇಕಿಲ್ಲ. ಕತ್ತರಿಸಿದ ಉಗುರಿನ ಮೂರು ಚೂರುಗಳಲ್ಲಿ ಒಂದನ್ನು ನೀರಿನಲ್ಲಿ, ಒಂದನ್ನು ಕೊಬ್ಬರಿ ಎಣ್ಣೆಯಲ್ಲಿ ಒಂದು ಗಂಟೆ ನೆನೆಸಿ, ಮೂರನೆಯದನ್ನು ಒಣಗಿದಂತೆಯೇ ಬಿಡಿ. ಬಳಿಕ ಮೂರನ್ನೂ ವಿದ್ಯಾರ್ಥಿಗಳೇ ಬಾಗಿಸಿ ನೋಡಲಿ.