ನಮ್ಮ ಯಾತ್ರಿ: ಕಮಿಷನ್ ಹೋಯಿತು, ಚೌಕಾಸಿ ಉಳಿಯಿತು

ಮೊಬೈಲಿನ ಲೊಕೇಶನ್ ನಂಬಿ ನಡೆಯುವ ಸೇವೆಗಳಲ್ಲಿ ಬೆಂಗಳೂರಿನಿಂದ ಹೊರಟು ಬೇರೆ ಊರುಗಳಿಗೂ ಹಬ್ಬಿದ ಪ್ರಯೋಗ ‘ನಮ್ಮ ಯಾತ್ರಿ’ ಎಂಬ ಆಟೊ ಬುಕಿಂಗ್ ಆ್ಯಪ್. ಅದು ಏನನ್ನು ಬದಲಿಸಿತು, ಏನನ್ನು ಹಾಗೇ ಬಿಟ್ಟಿತು ಎಂದು ಅಳೆದು ನೋಡುವ ಕಾಲ ಬಂದಿದೆ.

ಹಿನ್ನೆಲೆ ಎಲ್ಲರಿಗೂ ನೆನಪಿದೆ. ಬೆಂಗಳೂರಿನಲ್ಲಿ ಆಟೊದ ಮೊದಲ ಎರಡು ಕಿಲೋಮೀಟರಿಗೆ ಸರ್ಕಾರಿ ದರ 30 ರೂಪಾಯಿ ಇದ್ದಾಗ ಬಾಡಿಗೆ ಆ್ಯಪ್‌ಗಳು 100 ರೂಪಾಯಿವರೆಗೂ ಕೀಳುತ್ತಿವೆ ಎಂಬ ದೂರು ಎದ್ದಿತು. 2022ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಆ ಆ್ಯಪ್ ಕಂಪನಿಗಳ ಆಟೊ ಸೇವೆ ನಿಲ್ಲಿಸಲು ಹೇಳಿತು. ಮರುತಿಂಗಳೇ ಜಸ್‌ಪೇ ಸಂಸ್ಥೆ ಆಟೊ ಚಾಲಕರ ಸಂಘದ ಬೆಂಬಲದೊಂದಿಗೆ ನಮ್ಮ ಯಾತ್ರಿಯನ್ನು ತಂದಿತು. ಬೆಕ್ನ್ ಎಂಬ ಮುಕ್ತ ವ್ಯವಸ್ಥೆಯ ಮೇಲೆ ಕಟ್ಟಿದ್ದು. ಕೋಡ್ ಯಾರು ಬೇಕಾದರೂ ನೋಡಬಹುದು. ಬಾಡಿಗೆಯ ಹಣ ನೇರವಾಗಿ ಚಾಲಕನ ಕೈಗೆ. ಕಮಿಷನ್ ಇಲ್ಲ, ಆಮೇಲೆ ದಿನಕ್ಕಿಷ್ಟು ಎಂಬ ಸಣ್ಣ ಶುಲ್ಕ ಬಂತು, ಅಷ್ಟೆ.

ಇದರ ದೊಡ್ಡ ಗೆಲುವು ಕಂಡದ್ದು ಬೇರೆಯವರ ಆ್ಯಪ್‌ಗಳಲ್ಲಿ. 2025ರ ಫೆಬ್ರುವರಿಯಲ್ಲಿ ಊಬರ್ ಕೂಡ ಆಟೊಗಳಿಗೆ ಕಮಿಷನ್ ಬಿಟ್ಟು ಶುಲ್ಕದ ಪದ್ಧತಿಗೆ ಬಂತು. ಗಿರಾಕಿ ಎಲ್ಲಿದ್ದಾನೆ, ಆಟೊ ಎಲ್ಲಿದೆ ಎಂದು ಹೊಂದಿಸಿಕೊಡುವ ಕೆಲಸಕ್ಕೆ ಪ್ರತಿ ಬಾಡಿಗೆಯಲ್ಲೂ ಪಾಲು ಕೊಡಬೇಕಿಲ್ಲ ಎಂಬುದು ಸಾಬೀತಾಯಿತು. ಹೈದರಾಬಾದಿನಲ್ಲಿ ‘ಮನ ಯಾತ್ರಿ’, ಕೋಲ್ಕತ್ತದಲ್ಲಿ ಸರ್ಕಾರದ ಬೆಂಬಲದ ‘ಯಾತ್ರಿ ಸಾಥಿ’ ಬಂದವು. ಆಯಾ ಊರಿನ ಹೆಸರು, ಆಯಾ ಊರಿನ ಭಾಷೆ. ಚಾಲಕ ಕನ್ನಡದಲ್ಲೇ ಬಳಸಬಲ್ಲ ಆ್ಯಪ್ ಎಂಬುದು ಸಣ್ಣ ಮಾತಲ್ಲ.

ಕೊರತೆ ಇರುವುದು ರಸ್ತೆಯಲ್ಲಿ. ಸಂಜೆ ಮಳೆ ಹಿಡಿದಾಗ ಮೆಜೆಸ್ಟಿಕ್‌ನಲ್ಲಿ ನಿಂತು ಊರಾಚೆಯ ಬಡಾವಣೆಗೆ ಆಟೊ ಕೇಳಿ ನೋಡಿ. ಪರದೆಯ ಮೇಲೆ ಸುತ್ತಮುತ್ತ ಆಟೊಗಳು ಕಾಣುತ್ತವೆ, ಒಪ್ಪುವವರು ಮಾತ್ರ ಇಲ್ಲ. ಟಿಪ್ ಸೇರಿಸಿದರೆ ಬೇಗ ಸಿಗಬಹುದು ಎಂಬ ಸೂಚನೆ ಬರುತ್ತದೆ. ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂಬ ಹಳೆಯ ಮಾತೇ ಈಗ ಗುಂಡಿಯಾಗಿದೆ. ಚಾಲಕನನ್ನು ದೂರುವುದು ಅನ್ಯಾಯ. ಊರಾಚೆಯಿಂದ ಖಾಲಿ ಗಾಡಿ ಓಡಿಸಿಕೊಂಡು ಬರುವ ಗ್ಯಾಸಿನ ಖರ್ಚು ಅವನದೇ. ಆದರೆ ಪ್ರಯಾಣಕ್ಕೆ ಮುಂಚೆಯೇ ಕೊಡುವ ಹಣ ಮೆಚ್ಚುಗೆಯಲ್ಲ, ಹೆಚ್ಚುವರಿ ದರ. ಆ ಇಪ್ಪತ್ತು ರೂಪಾಯಿ ಇಲ್ಲದವರು, ಆಸ್ಪತ್ರೆಗೆ ಹೊರಟ ವಯಸ್ಸಾದವರು, ಮಳೆಯಲ್ಲೇ ಕಾಯಬೇಕಾಗುತ್ತದೆ. ನಿಗದಿತ ದರಕ್ಕೆಂದೇ ಹುಟ್ಟಿದ ಸೇವೆಗೆ ಇದು ತಕ್ಕದ್ದಲ್ಲ.

ಪರಿಹಾರದ ದಾರಿಯೂ ಇಲ್ಲೇ ಇದೆ. ಎಷ್ಟು ಜನ ಆಟೊ ಹುಡುಕಿದರು, ಎಷ್ಟು ಜನರಿಗೆ ಸಿಕ್ಕಿತು ಎಂಬ ಲೆಕ್ಕವನ್ನು ನಮ್ಮ ಯಾತ್ರಿ ಸಾರ್ವಜನಿಕವಾಗಿ ಇಡುತ್ತದೆ. ಆ್ಯಪ್‌ಗಳ ಲೋಕದಲ್ಲಿ ಅಪರೂಪವಾದ ಈ ಪಾರದರ್ಶಕತೆಯನ್ನು ಮನಸಾರೆ ಮೆಚ್ಚಬೇಕು. ಯಾವ ಕಡೆಗೆ, ಯಾವ ಹೊತ್ತಿನಲ್ಲಿ ಗಾಡಿ ಖಾಲಿ ಮರಳುತ್ತದೆ ಎಂಬುದನ್ನು ಇಂಥ ಲೆಕ್ಕದಿಂದ ಅರಿತು, ಸಾರಿಗೆ ಇಲಾಖೆ ವಾಪಸಾತಿಯ ಖರ್ಚನ್ನು ದರಪಟ್ಟಿಯಲ್ಲೇ ಸೇರಿಸಲಿ. ಆಗ ಚಾಲಕನಿಗೆ ನಷ್ಟವಿಲ್ಲ, ಪ್ರಯಾಣಿಕನಿಗೆ ಹರಾಜಿಲ್ಲ. ಮಧ್ಯವರ್ತಿಯ ಪಾಲನ್ನು ತೆಗೆದು ನಮ್ಮ ಯಾತ್ರಿ ಅರ್ಧ ಕೆಲಸ ಮಾಡಿದೆ. ಉಳಿದರ್ಧ ಆ್ಯಪ್ ಒಂದರಿಂದಲೇ ಆಗುವಂಥದ್ದಲ್ಲ. ಅದನ್ನು ಸರ್ಕಾರವೇ ಮಾಡಬೇಕು.