ಗೆರೆ ಉಳೀತು, ಗಂಟೆ ಹೋಯ್ತು

ಜಿಪಿಎಸ್‌ಬೇಬಲ್ ಒಳ್ಳೇ ತಂತ್ರಾಂಶ, ಉಚಿತ. ಹತ್ತಾರು ಬಗೆಯ ಜಿಪಿಎಸ್ ಕಡತಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತೆ. ನನ್ನ ತಕರಾರು ಅದರ ಮೇಲಲ್ಲ, ‘ನಕ್ಷೇಲಿ ಗೆರೆ ಕಾಣ್ತಲ್ಲ, ಸಾಕು’ ಅನ್ನೋ ನಮ್ಮ ಧೋರಣೆ ಮೇಲೆ.

2002ರಲ್ಲಿ ಬಂದ ಜಿಪಿಎಕ್ಸ್‌ನಲ್ಲಿ ಪ್ರತಿ ಬಿಂದುವಿನ ಅಕ್ಷಾಂಶ, ರೇಖಾಂಶದ ಜೊತೆ ಎತ್ತರ, ಸಮಯವನ್ನೂ ಬರೆದಿಡಬಹುದು. ಕೆಎಂಎಲ್‌ನ ಸಾದಾ ಗೆರೆಯಲ್ಲಿ ಸಮಯಕ್ಕೆ ಜಾಗವೇ ಇಲ್ಲ. ಆ ಗೆರೆಯನ್ನೇ ಮತ್ತೆ ಜಿಪಿಎಕ್ಸ್ ಮಾಡಿದ್ರೆ ಹೋದ ಗಂಟೆ ವಾಪಸ್ ಬರಲ್ಲ. ಬದಲಿಸುವಾಗ ‘ಟ್ರ್ಯಾಕ್’ ಆಯ್ಕೆ ಕೊಟ್ರೆ ಸಮಯ ಉಳಿಯುತ್ತೆ. ಅದನ್ನು ನೋಡೋರು ಯಾರು?

ಕುಮಾರಪರ್ವತ ಹತ್ತೋರಿಗೆ ದಾರಿಯಷ್ಟೇ ಸಾಲದು. ಭಟ್ಟರ ಮನೆಯಿಂದ ತುದಿಗೆ ಎಷ್ಟು ಹೊತ್ತು ಹಿಡೀತು, ಕತ್ತಲಾಗೋ ಮುಂಚೆ ಎಷ್ಟಕ್ಕೆ ಇಳಿಯೋಕೆ ಶುರು ಮಾಡ್ಬೇಕು ಅನ್ನೋದೂ ಗೊತ್ತಾಗಬೇಕು. ಹಂಚೋಕೆ ಕೆಎಂಎಲ್ ಇರಲಿ. ಮೂಲ ಕಡತ ಮಾತ್ರ ಅಳಿಸಬೇಡಿ.